ಒಂದು ಹೆಸರು, ಎರಡು ಜಿಲ್ಲೆ: ನಮ್ಮ ಸಂಪಾಜೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಊರಿನ ಇತಿಹಾಸ ಬರೆದುಕೊಡಬೇಕು ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾನು ಅವರನ್ನು ಕೇಳಿದ ಮೊದಲ ಪ್ರಶ್ನೆ, "ಯಾವ ಸಂಪಾಜೆಯದ್ದು?" ಎಂದು. ಹೊರಗಿನವರಿಗೆ ಇದು ಕುಚೋದ್ಯದ ಮಾತಾಗಿ ಕೇಳಬಹುದು. ಇಲ್ಲಿಯವರಿಗೆ ಅರ್ಥವಾಗುತ್ತದೆ. ಕೊಡಗು ಜಿಲ್ಲೆಯ ಮಡಿಕೇರಿ ತಾಲೂಕಿನಲ್ಲಿ ಒಂದು ಸಂಪಾಜೆ ಇದೆ, ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ತಾಲೂಕಿನಲ್ಲಿ ಇನ್ನೊಂದು ಸಂಪಾಜೆ ಇದೆ. ಎರಡಕ್ಕೂ ಬೇರೆ ಬೇರೆ ಗ್ರಾಮ ಪಂಚಾಯಿತಿ, ಬೇರೆ ತಹಶೀಲ್ದಾರರು, ಬೇರೆ ಜಿಲ್ಲಾಧಿಕಾರಿ. ಹೊಳೆ ಮಾತ್ರ ಒಂದೇ, ರಸ್ತೆ ಒಂದೇ, ಮಳೆಯೂ ಒಂದೇ. ನಮ್ಮ ಶಾಲೆಯ ಬೆಂಚುಗಳಲ್ಲಿ ಎರಡೂ ಕಡೆಯ ಮಕ್ಕಳು ಕೂತು ಓದಿದ್ದಾರೆ. ಹಾಗಾಗಿ ಈ ಲೇಖನದಲ್ಲಿ ಸಂಪಾಜೆ ಎಂದರೆ ಎರಡೂ.

ಮಡಿಕೇರಿಯಿಂದ ಮಂಗಳೂರಿನ ದಾರಿ ಹಿಡಿದರೆ ತಾಳತ್ತಮನೆ, ಕಾಟಕೇರಿ, ಮದೆನಾಡು ಕಳೆದು ಜೋಡುಪಾಲದ ತಿರುವುಗಳನ್ನು ಇಳಿದು, ದೇವರಕೊಲ್ಲಿ, ಕೊಯನಾಡು ದಾಟಿ ಸುಮಾರು 27 ಕಿಲೋಮೀಟರಿಗೆ ಸಂಪಾಜೆ ಸಿಗುತ್ತದೆ. ಮಡಿಕೇರಿ ಇರುವುದು ಸಮುದ್ರಮಟ್ಟಕ್ಕಿಂತ 1,100 ಮೀಟರಿಗೂ ಮೇಲೆ. ಸಂಪಾಜೆ ಇರುವುದು ಘಾಟಿಯ ಬುಡದಲ್ಲಿ. ಒಂದು ಗಂಟೆಯ ಬಸ್ ಪ್ರಯಾಣದಲ್ಲಿ ಚಳಿ ಹೋಗಿ ಸೆಕೆ ಬರುತ್ತದೆ, ಕಾಫಿ ತೋಟ ಹಿಂದೆ ಉಳಿದು ಕಂಗಿನ ತೋಟ ಶುರುವಾಗುತ್ತದೆ, ಹೆಂಚಿನ ಮನೆಯ ಅಂಗಳದಲ್ಲಿ ಒಣಗುವುದು ಕಾಫಿ ಹಣ್ಣಲ್ಲ, ಅಡಿಕೆ. ಮಡಿಕೇರಿಯ ಬೆಟ್ಟದ ಆಚೆ ಮಗ್ಗುಲಿನ ನೀರು ಕಾವೇರಿಯನ್ನು ಸೇರಿ ಪೂರ್ವಕ್ಕೆ ಹರಿಯುತ್ತದೆ. ಈಚೆ ಮಗ್ಗುಲಿನ ನೀರು ನಮ್ಮ ಪಾಲಿನದ್ದು. ಪಟ್ಟಿಘಾಟಿಯ ಕಡೆಯ ಕಾಡುಗಳ ತೋಡುಗಳು ಕೂಡಿ ಪಯಸ್ವಿನಿಯಾಗಿ ಸಂಪಾಜೆ, ಅರಂತೋಡು, ಸುಳ್ಯ, ಜಾಲ್ಸೂರು ದಾಟಿ ಕೇರಳಕ್ಕೆ ಹೋಗುತ್ತವೆ. ಕಾಸರಗೋಡಿನ ಬಳಿ ಕಡಲು ಸೇರುವಾಗ ಅದರ ಹೆಸರು ಚಂದ್ರಗಿರಿ ಹೊಳೆ. ತುಳುನಾಡಿನ ತೆಂಕಣ ಗಡಿ ಎಂದು ಹಿಂದಿನವರು ಹೇಳುತ್ತಿದ್ದುದು ಆ ಚಂದ್ರಗಿರಿಯನ್ನೇ. ಹುಟ್ಟುವಲ್ಲಿಯೂ ಗಡಿ, ಮುಗಿಯುವಲ್ಲಿಯೂ ಗಡಿ ಎನಿಸಿಕೊಂಡ ಹೊಳೆಯ ದಂಡೆಯ ಊರು ನಮ್ಮದು.

ಈ ಗಡಿ ಎಲ್ಲಿಂದ ಬಂತು? ಹಾಲೇರಿ ವಂಶದ ಕೊಡಗಿನ ರಾಜರ ಕಾಲದಲ್ಲಿ ಇಲ್ಲಿ ಗಡಿಯೇ ಇರಲಿಲ್ಲ. ಘಾಟಿಯ ಕೆಳಗಿನ ಅಮರ ಸುಳ್ಯ, ಪಂಜ, ಬೆಳ್ಳಾರೆಯ ಮಾಗಣೆಗಳು ಕೊಡಗಿಗೇ ಸೇರಿದ್ದವು. ಉಪ್ಪು, ಒಣಮೀನು ಕರಾವಳಿಯಿಂದ ಮೇಲಕ್ಕೆ ಹತ್ತುತ್ತಿದ್ದವು, ಮಲೆಯ ಸರಕು ಕೆಳಕ್ಕೆ ಇಳಿಯುತ್ತಿತ್ತು. ಸಂಪಾಜೆ ಆ ದಾರಿಯ ನಡುವಿನ ಒಂದು ತಾಣ, ತುದಿಯ ಊರಲ್ಲ. 1834ರ ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಮಡಿಕೇರಿಯನ್ನು ಹಿಡಿದು ಕೊನೆಯ ದೊರೆ ಚಿಕ್ಕವೀರರಾಜೇಂದ್ರನನ್ನು ಗದ್ದುಗೆಯಿಂದ ಇಳಿಸಿತು. ಆಮೇಲೆ ಕಂಪನಿ ಮಾಡಿದ ಒಂದು ಕೆಲಸ ನಮ್ಮ ಊರಿನ ಹಣೆಬರಹವನ್ನು ಬರೆಯಿತು. ಘಾಟಿಯ ಕೆಳಗಿನ ಮಾಗಣೆಗಳನ್ನು ಕೊಡಗಿನಿಂದ ಕಿತ್ತು, ಮಂಗಳೂರಿನಿಂದ ಆಳುತ್ತಿದ್ದ ಕೆನರಾ ಜಿಲ್ಲೆಗೆ ಸೇರಿಸಿತು. ಸಂಪಾಜೆ, ಚೆಂಬು, ಪೆರಾಜೆಯಂಥ ಕೆಲವು ಗ್ರಾಮಗಳು ಮಾತ್ರ ಘಾಟಿಯ ಬುಡದಲ್ಲಿದ್ದೂ ಕೊಡಗಿನಲ್ಲೇ ಉಳಿದವು. ಇಂದು ಹೆದ್ದಾರಿಯ ಪಕ್ಕ ಹಸಿರು ಫಲಕದ ಮೇಲೆ ಕಾಣುವ ಜಿಲ್ಲಾ ಗಡಿ ಅಲ್ಲಿಂದ ಬಂದದ್ದು.

ಕಾಗದದ ಮೇಲಿನ ಈ ಬದಲಾವಣೆ ರೈತನ ಅಂಗಳಕ್ಕೆ ಬಂದದ್ದು ಕಂದಾಯದ ರೂಪದಲ್ಲಿ. ರಾಜರ ಕಾಲದಲ್ಲಿ ಬೆಳೆದದ್ದರಲ್ಲೇ ಕಂದಾಯ ಕೊಡುವ ರೂಢಿ ಇತ್ತು. ಕಂಪನಿಯವರು ನಗದು ಕೇಳಿದರು. ಭತ್ತ, ಅಡಿಕೆ ಇರುವ ಮನೆಯಲ್ಲಿ ರೂಪಾಯಿ ಎಲ್ಲಿಂದ ಬರಬೇಕು? ಕೈಗೆ ಕಾಸು ಬರಬೇಕಾದರೆ ಬೆಳೆಯನ್ನು ಸಿಕ್ಕಿದ ಬೆಲೆಗೆ ವರ್ತಕನಿಗೆ ಕೊಡಬೇಕು, ಇಲ್ಲವೇ ಸಾಲ ಮಾಡಬೇಕು. ಅದರ ಮೇಲೆ ಉಪ್ಪು ಮತ್ತು ಹೊಗೆಸೊಪ್ಪಿನ ಮೇಲೆ ಸರ್ಕಾರದ ಏಕಸ್ವಾಮ್ಯ. ಮೂರು ವರ್ಷದ ಒಳಗೆ ಮಾಗಣೆ ಎದ್ದು ನಿಂತಿತು.

1837ರ ಆ ಹೋರಾಟವನ್ನು ಅಮರ ಸುಳ್ಯದ ದಂಗೆ ಎನ್ನುತ್ತೇವೆ. ನಾನು ಹೈಸ್ಕೂಲಿನಲ್ಲಿ ಓದುವಾಗ 1857ರ ಪಾಠ ಇತ್ತು, 1837ರದ್ದು ಇರಲಿಲ್ಲ. ನಮ್ಮ ಅಜ್ಜಂದಿರ ಬಾಯಲ್ಲಿ ಅದು 'ಕಲ್ಯಾಣಪ್ಪನ ಕಾಟಕಾಯಿ' ಆಗಿತ್ತು. ಕಾಟಕಾಯಿ ಎಂದರೆ ಕೊಳ್ಳೆ, ದರೋಡೆ. ಸೋತವರ ಹೋರಾಟಕ್ಕೆ ಗೆದ್ದವರು ಇಟ್ಟ ಹೆಸರನ್ನು ನಮ್ಮವರೇ ನೂರು ವರ್ಷಕ್ಕೂ ಹೆಚ್ಚು ಕಾಲ ಹೇಳಿಕೊಂಡು ಬಂದರಲ್ಲ ಎಂಬುದು ಇವತ್ತಿಗೂ ನನಗೆ ಬೇಸರದ ಸಂಗತಿ.

ರಾಜವಂಶಕ್ಕೆ ಸೇರಿದವನು ಎಂದು ಹೇಳಿಕೊಂಡ, ಕಲ್ಯಾಣಸ್ವಾಮಿ ಎಂಬ ಹೆಸರು ಹೊತ್ತ ಪುಟ್ಟಬಸಪ್ಪನನ್ನು ಮುಂದಿಟ್ಟುಕೊಂಡು ಕೆದಂಬಾಡಿ ರಾಮಯ್ಯ ಗೌಡರು, ಕೂಜುಗೋಡು ಮಲ್ಲಪ್ಪ ಗೌಡರು, ಗುಡ್ಡೆಮನೆ ಅಪ್ಪಯ್ಯ ಗೌಡರು, ಹುಲಿಕಡಿದ ನಂಜಯ್ಯ ಮೊದಲಾದವರು ಜನರನ್ನು ಕೂಡಿಸಿದರು. ಗೌಡರು ಮಾತ್ರವಲ್ಲ, ಕುಡಿಯರು, ಬಂಟರು, ಬ್ರಾಹ್ಮಣರು, ಮುಸಲ್ಮಾನರು ಎಲ್ಲರೂ ಅದರಲ್ಲಿದ್ದರು. ಕಂಪನಿಯ ಪರವಾಗಿದ್ದ ಅಟ್ಲೂರು ರಾಮಪ್ಪಯ್ಯನ ಕೊಲೆಯಿಂದ ದಂಗೆ ಶುರುವಾಯಿತು. ಅದನ್ನು ಮುಚ್ಚಿಟ್ಟು ವೀರಗಾಥೆ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಬೆಳ್ಳಾರೆಯ ಖಜಾನೆ ವಶವಾಯಿತು. ದಂಡು ಪುತ್ತೂರು, ಬಂಟ್ವಾಳ ಹಾದು ಮಂಗಳೂರು ಮುಟ್ಟಿತು. 1837ರ ಏಪ್ರಿಲ್ 5ರಂದು ಮಂಗಳೂರಿನ ಗುಡ್ಡದ ಮೇಲೆ ಕಂಪನಿಯ ಬಾವುಟ ಇಳಿದು ಇವರ ಬಾವುಟ ಏರಿತು. ಬಾವುಟಗುಡ್ಡೆ ಎಂಬ ಹೆಸರು ಇಂದಿಗೂ ಉಳಿದಿದೆ. 13 ದಿನ ಮಂಗಳೂರು ಅವರ ಕೈಯಲ್ಲಿತ್ತು. ಬಳಿಕ ಕಂಪನಿಯ ಸೈನ್ಯ ಬಂತು, ಎಲ್ಲ ಮುಗಿಯಿತು. ಕೆಲವರನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ನೇಣಿಗೆ ಹಾಕಿದರು. ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಿದರು.

ಇದೇ ದಂಗೆಯನ್ನು ಅಡಗಿಸುವಲ್ಲಿ ತನಗೆ ನಿಷ್ಠರಾಗಿ ಉಳಿದ ಕೊಡಗಿನವರಿಗೆ ಕಂಪನಿ ಚಿನ್ನದ, ಬೆಳ್ಳಿಯ ಪದಕಗಳನ್ನು ಹೊಡೆಸಿ ಕೊಟ್ಟಿತು. ಒಂದೇ ದಂಗೆಗೆ ಕೆಳಗಿನವರಿಗೆ ನೇಣು, ಮೇಲಿನವರಿಗೆ ಪದಕ. ಮೂರು ವರ್ಷದ ಹಿಂದೆ ಎಳೆದಿದ್ದ ಗೆರೆ ಆಗ ಮೊದಲ ಬಾರಿ ಜನರ ಮನಸ್ಸಿನೊಳಗೂ ಬಿತ್ತೆಂದು ನನ್ನ ಅನಿಸಿಕೆ. ಸುಳ್ಯ ಸೀಮೆಯ ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರು ಈ ಹೋರಾಟವನ್ನು ಆಧರಿಸಿ 'ಕಲ್ಯಾಣಸ್ವಾಮಿ' ಕಾದಂಬರಿ ಬರೆದರು. ಹಳೆ ವಿದ್ಯಾರ್ಥಿಗಳಲ್ಲಿ ಓದದವರಿದ್ದರೆ ದಯವಿಟ್ಟು ಓದಬೇಕು. ಈಗ ಮಡಿಕೇರಿಯಲ್ಲಿ ಅಪ್ಪಯ್ಯ ಗೌಡರ ಪ್ರತಿಮೆ ಇದೆ. ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ 2022ರ ನವೆಂಬರ್‌ನಲ್ಲಿ ನಿಂತಿತು. ಕಾಟಕಾಯಿ ಎಂಬ ಮಾತು ಹೋಗಿ ಸ್ವಾತಂತ್ರ್ಯ ಸಮರ ಎಂಬ ಮಾತು ಬರಲು 185 ವರ್ಷ ಹಿಡಿಯಿತು.

ಅಲ್ಲಿಂದ 1956ರವರೆಗೆ ಸಂಪಾಜೆ ನಿಜಕ್ಕೂ ಎರಡು ಸರ್ಕಾರಗಳ ನಡುವಿನ ಊರಾಗಿತ್ತು. ಮೇಲೆ ಚೀಫ್ ಕಮಿಷನರರ ಕೊಡಗು, ಕೆಳಗೆ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ. ಸ್ವಾತಂತ್ರ್ಯ ಬಂದ ಮೇಲೂ ಕೊಡಗು ಪ್ರತ್ಯೇಕ ರಾಜ್ಯವಾಗಿಯೇ ಇತ್ತು. 1952ರಿಂದ 1956ರವರೆಗೆ ಸಿ.ಎಂ. ಪೂಣಚ್ಚನವರು ಅದರ ಮುಖ್ಯಮಂತ್ರಿ. ಅಂದರೆ ಹೊಳೆಯ ಈ ದಂಡೆಯವರ ಮುಖ್ಯಮಂತ್ರಿ ಮಡಿಕೇರಿಯಲ್ಲಿ, ಆ ದಂಡೆಯವರ ಮುಖ್ಯಮಂತ್ರಿ ಮದ್ರಾಸಿನಲ್ಲಿ! ಸುಳ್ಯ ಆಗ ತಾಲೂಕು ಕೇಂದ್ರವೂ ಅಲ್ಲ, ಪುತ್ತೂರು ತಾಲೂಕಿನ ಒಂದು ಭಾಗ.

ಈ ನೂರಿಪ್ಪತ್ತು ವರ್ಷಗಳ ಗುರುತು ಇಂದಿಗೂ ಅಳಿಯದೆ ಇರುವುದು ಜಾಗದ ದಾಖಲೆಗಳಲ್ಲಿ. ಕೊಡಗಿನ ಕಡೆ ಜಮ್ಮಾ, ಸಾಗು, ಬಾಣೆ ಎಂಬ ಮಾತು. ದಕ್ಷಿಣ ಕನ್ನಡದ ಕಡೆ ವರ್ಗ, ಕುಮ್ಕಿ, ಕಾನ. ವರ್ಗ ಜಾಗದ ಅಂಚಿನಿಂದ 100 ಗಜದೊಳಗಿನ ಸರ್ಕಾರಿ ನೆಲದಲ್ಲಿ ಸೊಪ್ಪು, ಸೌದೆ, ಮೇವು ತೆಗೆದುಕೊಳ್ಳುವ ಹಕ್ಕು ಕುಮ್ಕಿ. ಗದ್ದೆಯ ಬೇಸಾಯಕ್ಕೆ ಬೇಕಾದ ಸೊಪ್ಪು ಸೌದೆಗೆಂದು ಗದ್ದೆಯ ಜೊತೆಗೇ ಕೊಟ್ಟ ಕಾಡು ಬಾಣೆ. ಕೆಲಸ ಒಂದೇ, ಕಾನೂನು ಬೇರೆ. ಅಣ್ಣನಿಗೆ ಗಡಿಯ ಈಚೆ, ತಮ್ಮನಿಗೆ ಆಚೆ ಜಾಗವಿದ್ದರೆ ಅಣ್ಣನ ವಕೀಲರು ತಮ್ಮನ ವ್ಯಾಜ್ಯ ಹಿಡಿಯಲು ಎರಡು ಸಲ ಯೋಚನೆ ಮಾಡುತ್ತಾರೆ.

ರಸ್ತೆಯ ವಿಷಯಕ್ಕೆ ಬರೋಣ. ಸಂಪಾಜೆ ಪೇಟೆಯನ್ನು ಬೆಳೆಸಿದ್ದು ದೇವರೂ ಅಲ್ಲ, ಸರ್ಕಾರವೂ ಅಲ್ಲ, ಈ ಘಾಟಿ ರಸ್ತೆ. ಕೊಡಗಿನಲ್ಲಿ ಕಾಫಿ ತೋಟಗಳು ಎದ್ದ ಮೇಲೆ ಕಾಫಿಯನ್ನು ಸಂಸ್ಕರಿಸಿ ಹಡಗಿಗೆ ಏರಿಸುತ್ತಿದ್ದ ಮಂಗಳೂರಿಗೆ ಎತ್ತಿನ ಗಾಡಿಗಳ ಸಾಲು ಇಳಿಯತೊಡಗಿತು. ಘಾಟಿ ಇಳಿದ ಎತ್ತಿಗೂ ಆಳಿಗೂ ವಿಶ್ರಾಂತಿ ಬೇಕಲ್ಲ. ಬುಡದಲ್ಲಿ ನೀರಿತ್ತು, ನೆರಳಿತ್ತು, ಒಂದೆರಡು ಹೋಟೆಲು ಎದ್ದವು. 1934ರ ಫೆಬ್ರವರಿಯಲ್ಲಿ ಹರಿಜನ ಯಾತ್ರೆಯ ಹೊತ್ತಿನಲ್ಲಿ ಗಾಂಧೀಜಿ ಮಡಿಕೇರಿಯಿಂದ ಮಂಗಳೂರಿನ ಕಡೆಗೆ ಇಳಿದದ್ದೂ ಇದೇ ದಾರಿಯಲ್ಲಿ. ಲಾರಿ ಬಂದ ಮೇಲೆ ಎತ್ತಿನ ಕಟ್ಟೆ ಹೋಯಿತು, ಆದರೆ ಘಾಟಿ ಹತ್ತುವ ಮುಂಚೆ ಇಲ್ಲಿ ಚಹಾ ಕುಡಿಯುವ ಅಭ್ಯಾಸ ಹೋಗಲಿಲ್ಲ. ಇಂದು ಅದು ರಾಷ್ಟ್ರೀಯ ಹೆದ್ದಾರಿ 275.

ರಸ್ತೆಗಿಂತ ಹಳೆಯದು ಕಾಲುದಾರಿ. ತೊಡಿಕಾನದ ಮಲ್ಲಿಕಾರ್ಜುನ ದೇವಸ್ಥಾನದ ಕಡೆಯಿಂದ ಪಟ್ಟಿಘಾಟಿ ಹತ್ತಿ ಭಾಗಮಂಡಲಕ್ಕೆ ಹೋಗುವ ದಾರಿ ಅದು. ತುಲಾ ಸಂಕ್ರಮಣಕ್ಕೆ ಕಾವೇರಿಯ ತೀರ್ಥಕ್ಕೆ ಬುತ್ತಿ ಕಟ್ಟಿಕೊಂಡು ಆ ಕಾಡಿನಲ್ಲಿ ನಡೆದು ಹೋಗುತ್ತಿದ್ದ ಕಥೆಯನ್ನು ಹಿರಿಯರಿಂದ ಕೇಳದ ಮನೆ ನಮ್ಮಲ್ಲಿ ಕಡಿಮೆ. ಅಲ್ಲಿ ರಸ್ತೆ ಆಗಬೇಕೆಂಬ ಬೇಡಿಕೆ ಹಳೆಯದು. ರಸ್ತೆ ಆದರೆ ಆ ಕಾಡು ಏನಾಗುತ್ತದೆ ಎಂಬ ಪ್ರಶ್ನೆಯೂ ಈಗ ಅಷ್ಟೇ ದೊಡ್ಡದು. 2018ರ ಮಳೆಯನ್ನು ಕಂಡ ಮೇಲೆ ನಾನು ಕಾಡಿನ ಪಕ್ಷ.

ಇಲ್ಲಿಯ ಜನ ಯಾರು? ಇಲ್ಲಿ ಹೆಚ್ಚಿನ ಸಂಖ್ಯೆಯಲ್ಲಿ ಇರುವವರು ಅರೆಭಾಷೆ ಗೌಡರು. 'ಹತ್ತು ಕುಟುಂಬ ಹದಿನೆಂಟು ಗೋತ್ರ' ಎಂದು ತಮ್ಮನ್ನು ಗುರುತಿಸಿಕೊಳ್ಳುವ ಇವರು ಐಗೂರು ಸೀಮೆಯಿಂದ ಘಾಟಿ ದಾಟಿ ಬಂದವರೆಂದು ಹಿರಿಯರ ಹೇಳಿಕೆ. ಇವರ ಮಾತಾದ ಅರೆಭಾಷೆ ಕನ್ನಡದ್ದೇ ಒಂದು ಕವಲು, ತುಳುವಿನ ನೆರೆಯಲ್ಲಿ ಬೆಳೆದದ್ದು. ಶಾಲೆಗೆ ಹೊಸದಾಗಿ ಬಂದ ಬಯಲುಸೀಮೆಯ ಮೇಷ್ಟ್ರುಗಳಿಗೆ ಮೊದಲ ವಾರ ಮಕ್ಕಳ ಮಾತು ಅರ್ಥವಾಗುತ್ತಿರಲಿಲ್ಲ. 'ಶುದ್ಧ ಕನ್ನಡ ಮಾತಾಡಿ' ಎಂದು ಗದರಿಸಿಕೊಂಡವರು ನಮ್ಮಲ್ಲಿ ಬಹಳ. ಅದೇ ಭಾಷೆಗೆ 2011ರಲ್ಲಿ ಸರ್ಕಾರ ಒಂದು ಅಕಾಡೆಮಿ ಮಾಡಿತು, ಅದರ ಕಚೇರಿ ಮಡಿಕೇರಿಯಲ್ಲಿದೆ. ಗೌಡರ ಜೊತೆ ಹವ್ಯಕರು, ಮರಾಟಿಗರು, ಮಲೆಕುಡಿಯರು, ಬಿಲ್ಲವರು, ದಲಿತ ಸಮುದಾಯಗಳು, ಮಲಯಾಳ ಮತ್ತು ಬ್ಯಾರಿ ಮಾತಾಡುವ ಮುಸಲ್ಮಾನರು, ರಬ್ಬರ್ ಬೆಳೆಯುತ್ತ ಕೇರಳದಿಂದ ಬಂದ ಕ್ರೈಸ್ತರು. 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿದ ತಮಿಳರಿಗೆ ಸುಳ್ಯ ಸೀಮೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು. ಆ ಮನೆಗಳ ಮಕ್ಕಳೂ ಈ ಸೀಮೆಯ ಕನ್ನಡ ಶಾಲೆಗಳಲ್ಲೇ ಅಕ್ಷರ ಕಲಿತರು. ನೂರು ವರ್ಷದಿಂದ ಟೀ ತೋಟದಲ್ಲಿ ದುಡಿದು, ಎರಡು ದೇಶಗಳ ಕಾಗದದ ನಡುವೆ ಸಿಕ್ಕಿ ಬಂದ ಆ ಜನರ ಮುಂದೆ ನಮ್ಮ ಜಿಲ್ಲಾ ಗಡಿಯ ತೊಂದರೆ ಏನೂ ಅಲ್ಲ.

ಹಬ್ಬಗಳೂ ಹಾಗೆಯೇ ಬೆರೆತಿವೆ. ಮೇಲಿನಿಂದ ಕೈಲ್ ಮುಹೂರ್ತ, ಹುತ್ತರಿ ಇಳಿದು ಬಂದಿವೆ. ಕೆಳಗಿನಿಂದ ಕೆಡ್ಡಸ, ಪತ್ತನಾಜೆ ಹತ್ತಿ ಬಂದಿವೆ. ದೈವದ ಕೋಲಕ್ಕೆ ಗಡಿ ಗೊತ್ತಿಲ್ಲ.

1956ರ ನವೆಂಬರ್ 1ರಂದು ಕೊಡಗು, ದಕ್ಷಿಣ ಕನ್ನಡ ಎರಡೂ ಮೈಸೂರು ರಾಜ್ಯಕ್ಕೆ ಸೇರಿದವು. ಹೊಳೆಯ ಕೊನೆಯಲ್ಲಿರುವ ಕಾಸರಗೋಡು ಮಾತ್ರ ಕೇರಳಕ್ಕೆ ಹೋಯಿತು. ರಾಜ್ಯದ ಗಡಿ ಜಿಲ್ಲೆಯ ಗಡಿಯಾಗಿ ಇಳಿಯಿತು. ಆದರೆ ಕೊಡಗಿನ ಸಂಪಾಜೆ, ಚೆಂಬು, ಪೆರಾಜೆಯವರ ಪಾಡು ಬದಲಾಗಲಿಲ್ಲ. ಸಂತೆ, ಆಸ್ಪತ್ರೆ, ಮದುವೆಯ ಜವಳಿ, ಅಡಿಕೆ ಮಾರಾಟ, ಎಲ್ಲಕ್ಕೂ ಸುಳ್ಯ. ಪಹಣಿ, ಪೋಡಿ, ಸರ್ವೆ, ಕೋರ್ಟು ಎಂದರೆ ಘಾಟಿ ಹತ್ತಿ ಮಡಿಕೇರಿ. ಪೆರಾಜೆಯವರಂತೂ ಸುಳ್ಯದ ಬಾಗಿಲಲ್ಲೇ ಇದ್ದಾರೆ, ಆದರೂ ಅವರ ತಾಲೂಕು ಕಚೇರಿ ಬೆಟ್ಟದ ಮೇಲೆ. ಒಂದು ಸಹಿಗೆ ಒಂದು ದಿನದ ಕೂಲಿ ಹೋಗುತ್ತದೆ. ಸಾಹೇಬರು ಮೀಟಿಂಗಿಗೆ ಹೋಗಿದ್ದರೆ ಎರಡು ದಿನದ್ದು.

ಒಟ್ಟಿಗೆ ಇದ್ದದ್ದು ಬೇರೆಯಾದ ಉದಾಹರಣೆಗಳೂ ಇವೆ. 2009ರ ಚುನಾವಣೆಗೆ ಮೊದಲು ಎರಡೂ ಸಂಪಾಜೆಯವರು ಮಂಗಳೂರು ಲೋಕಸಭಾ ಕ್ಷೇತ್ರದ ಮತದಾರರೇ. ಕ್ಷೇತ್ರ ವಿಂಗಡಣೆಯ ಬಳಿಕ ಕೊಡಗಿನ ಸಂಪಾಜೆ ಮೈಸೂರಿನ ಜೊತೆ ಹೋಯಿತು. ಕಾಲೇಜಿನ ವಿಷಯವೂ ಹಾಗೆ. ಮೊದಲು ನಮ್ಮವರಿಗೆ ಇದ್ದದ್ದು ಎರಡೇ ದಾರಿ: 1949ರಲ್ಲಿ ಶುರುವಾದ ಮಡಿಕೇರಿಯ ಸರ್ಕಾರಿ ಕಾಲೇಜು, ಇಲ್ಲವೇ 1958ರಲ್ಲಿ ಬಂದ ಪುತ್ತೂರಿನ ಸಂತ ಫಿಲೋಮಿನಾ. 1976ರಲ್ಲಿ ಕುರುಂಜಿ ವೆಂಕಟರಮಣ ಗೌಡರು ಸುಳ್ಯದಲ್ಲಿ ನೆಹರು ಮೆಮೋರಿಯಲ್ ಕಾಲೇಜು ತೆರೆದ ಮೇಲೆ ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆ ಸೇರುವ ಕಾಲೇಜು ನಮಗೂ ಸಿಕ್ಕಿತು. ಹತ್ತನೆಯ ಬಳಿಕ ಮನೆಯಲ್ಲಿ ಕೂರಬೇಕಾಗಿದ್ದ ಎಷ್ಟೋ ಹೆಣ್ಣುಮಕ್ಕಳು ಪದವಿ ಮುಗಿಸಿದ್ದು ಆ ಒಂದು ಕಾರಣದಿಂದ. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಬಂದಾಗ ಎರಡೂ ಜಿಲ್ಲೆ ಅದರ ಕೆಳಗಿದ್ದವು. 2023ರಲ್ಲಿ ಕೊಡಗಿಗೆ ಬೇರೆ ವಿಶ್ವವಿದ್ಯಾನಿಲಯವಾಯಿತು. ಕೆಎಸ್‌ಆರ್‌ಟಿಸಿ ಮಾತ್ರ ಇನ್ನೂ ಹಳೆಯ ಸಂಬಂಧ ಉಳಿಸಿಕೊಂಡಿದೆ. ಮಡಿಕೇರಿ ಡಿಪೋ ಇರುವುದು ಪುತ್ತೂರು ವಿಭಾಗದಲ್ಲೇ.

ಇನ್ನು ಅಡಿಕೆಯ ಮಾತು. ಅದನ್ನು ಹೇಳದೆ ಈ ಊರಿನ ಇತಿಹಾಸ ಮುಗಿಯುವುದಿಲ್ಲ. ಸಂಪಾಜೆ, ಅರಂತೋಡು, ತೊಡಿಕಾನ, ಚೆಂಬು ಕಡೆಯ ತೋಟಗಳಲ್ಲಿ ಹಳದಿ ಎಲೆ ರೋಗ ಕಾಣಿಸಿಕೊಂಡು ದಶಕಗಳೇ ಆದವು. ಸೋಗೆಯ ತುದಿಯಿಂದ ಹಳದಿ ಇಳಿಯುತ್ತದೆ, ಕಾಯಿ ಉದುರುತ್ತದೆ, ಸುಲಿದರೆ ಒಳಗೆ ಕಪ್ಪು. ಮರ ತಕ್ಷಣ ಸಾಯುವುದಿಲ್ಲ, ನಿಂತೇ ಇರುತ್ತದೆ. ಫಸಲು ಮಾತ್ರ ವರ್ಷ ವರ್ಷ ಇಳಿದು ಕೊನೆಗೆ ಏನೂ ಇಲ್ಲ. ಕೇರಳದಲ್ಲಿ 1914ರ ಸುಮಾರಿಗೆ ಮೊದಲು ಕಂಡ ಈ ರೋಗಕ್ಕೆ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕಾರಣವೆಂದು ಪತ್ತೆಯಾಗಿದೆ, ಗುಣಪಡಿಸುವ ಮದ್ದು ಇನ್ನೂ ಸಿಕ್ಕಿಲ್ಲ. ಗೊಬ್ಬರ, ಸುಣ್ಣ, ಬಸಿಗಾಲುವೆ ಸರಿಯಾಗಿದ್ದರೆ ಮರ ಕೆಲವು ವರ್ಷ ಹೆಚ್ಚು ತಡೆದುಕೊಳ್ಳುತ್ತದೆ, ಅಷ್ಟೇ. ಈ ಶಾಲೆಗೆ ಬಂದ ಹುಡುಗರಲ್ಲಿ ಬೆಂಗಳೂರು ಸೇರಿದವರ ಪಟ್ಟಿ ಮಾಡಿದರೆ ಅದರಲ್ಲಿ ಅರ್ಧ ಜನರನ್ನು ಕಳಿಸಿದ್ದು ವಿದ್ಯೆಯಲ್ಲ, ಈ ಹಳದಿ ಎಲೆ. ಊರಲ್ಲಿ ಉಳಿದವರು ಕಂಗಿನ ನಡುವೆ ಕೊಕ್ಕೋ, ಕಾಳುಮೆಣಸು, ಜಾಯಿಕಾಯಿ, ಕಾಫಿ ಇಟ್ಟು ನೋಡುತ್ತಿದ್ದಾರೆ. ಕೆಲವರು ಗುಡ್ಡವನ್ನೆಲ್ಲ ರಬ್ಬರಿಗೆ ಕೊಟ್ಟರು. ಘಾಟಿಯ ಬುಡದಲ್ಲಿ ಕಾಫಿ ಚೆನ್ನಾಗಿ ಬರುವುದಿಲ್ಲ ಎನ್ನುತ್ತಿದ್ದ ನಮ್ಮ ಹಿರಿಯರು ಈಗಿನ ತೋಟಗಳನ್ನು ನೋಡಿದರೆ ಆಶ್ಚರ್ಯಪಡುತ್ತಿದ್ದರು.

2018ರ ಆಗಸ್ಟ್ ಮಧ್ಯದಲ್ಲಿ ಜೋಡುಪಾಲ, ಮೊಣ್ಣಂಗೇರಿ, ಮದೆನಾಡಿನ ಗುಡ್ಡಗಳು ಜರಿದವು. ಮನೆ, ತೋಟ, ಜೀವ ಹೋದವು, ಹೆದ್ದಾರಿಯೇ ಕಡಿದು ಹೋಯಿತು. ಕೊಡಗಿನ ಆ ಗ್ರಾಮಗಳ ಜನರಿಗೆ ತಮ್ಮದೇ ಜಿಲ್ಲಾ ಕೇಂದ್ರಕ್ಕೆ ಹೋಗಲು ದಾರಿ ಇರಲಿಲ್ಲ. ಅವರು ಇಳಿದು ಬಂದದ್ದು ಕೆಳಕ್ಕೆ. ಸಂಪಾಜೆ, ಕಲ್ಲುಗುಂಡಿ, ಅರಂತೋಡಿನಲ್ಲಿ ಗಂಜಿ ಕೇಂದ್ರಗಳು ಎದ್ದವು. ಶಾಲೆಯ ಕೋಣೆಗಳಲ್ಲಿ ಚಾಪೆ ಹಾಸಿದರು. ಅಕ್ಕಿ, ಬಟ್ಟೆ, ಹಾಲು ತಂದವರು ಮನೆ ಯಾವ ಜಿಲ್ಲೆಯದು ಎಂದು ಕೇಳಲಿಲ್ಲ. ಅದನ್ನು ಕೇಳಿದ್ದು ಆಮೇಲೆ, ಪರಿಹಾರದ ಅರ್ಜಿಯಲ್ಲಿ.

2020ರ ಲಾಕ್‌ಡೌನಿನಲ್ಲಿ ಇದೇ ಸಂಪಾಜೆ ಗೇಟು ಮುಚ್ಚಿತು. ಜಿಲ್ಲೆಯಿಂದ ಜಿಲ್ಲೆಗೆ ಪಾಸು ಬೇಕಾಯಿತು. ಸುಳ್ಯದ ಡಾಕ್ಟರ ಬಳಿ ಮದ್ದು ತೆಗೆದುಕೊಳ್ಳುತ್ತಿದ್ದ ಕೊಡಗು ಸಂಪಾಜೆಯ ವೃದ್ಧರಿಗೆ ಮನೆಯಿಂದ ಕಾಣುವ ಊರು ಪರದೇಶವಾಯಿತು. 1834ರಲ್ಲಿ ಎಳೆದ ಗೆರೆಯನ್ನು ನಮ್ಮ ತಲೆಮಾರು ಕಣ್ಣಾರೆ ಕಂಡದ್ದು ಆಗ. 2022ರ ಜೂನ್ ಕೊನೆಯಲ್ಲಿ ನೆಲ ನಡುಗಿತು. ಜೂನ್ 28ರ ಬೆಳಿಗ್ಗೆ ಚೆಂಬು ಆಸುಪಾಸಿನಲ್ಲಿ ಕಂಡ ಕಂಪನದ ತೀವ್ರತೆ 3.0. ಗೋಡೆ ಬಿರುಕು ಬಿಟ್ಟದ್ದಕ್ಕಿಂತ ಹೆಚ್ಚಾಗಿ ಮನಸ್ಸು ಬಿರುಕು ಬಿಟ್ಟಿತು. 2018ರ ನೆನಪಿದ್ದವರು ಆ ಮಳೆಗಾಲವಿಡೀ ರಾತ್ರಿ ಸರಿಯಾಗಿ ಮಲಗಲಿಲ್ಲ. ಅದೇ ಆಗಸ್ಟಿನಲ್ಲಿ ಪಯಸ್ವಿನಿ ಉಕ್ಕಿ ಕಲ್ಲುಗುಂಡಿ, ಕೊಯನಾಡಿನ ಮನೆ ಅಂಗಡಿಗಳಿಗೆ ನುಗ್ಗಿತು.

ಎರಡು ಜಿಲ್ಲೆಯ ಇತಿಹಾಸ ಪುಸ್ತಕಗಳಲ್ಲೂ ಸಂಪಾಜೆಗೆ ಸಿಗುವುದು ಒಂದೆರಡು ಸಾಲು. ಕೊಡಗಿನ ಪುಸ್ತಕದಲ್ಲಿ ಕೊನೆಯ ಪುಟ, ದಕ್ಷಿಣ ಕನ್ನಡದ ಪುಸ್ತಕದಲ್ಲಿಯೂ ಕೊನೆಯ ಪುಟ. ಆದ್ದರಿಂದ ಹಳೆ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ ಇದೆ. ನಿಮ್ಮ ಮನೆಯ ಅಟ್ಟದಲ್ಲಿ 1956ಕ್ಕೆ ಹಿಂದಿನ ಕಂದಾಯ ರಶೀದಿ, ಜಮ್ಮಾ ಪತ್ರ, ವರ್ಗದ ಚಿಟ್ಟೆ, ಮದ್ರಾಸ್ ಸರ್ಕಾರದ ಮುದ್ರೆಯ ಕಾಗದ ಯಾವುದೇ ಇದ್ದರೂ ಎಸೆಯಬೇಡಿ. ಗೆದ್ದಲು ಹಿಡಿಯುವ ಮೊದಲು ಶಾಲೆಯ ಗ್ರಂಥಾಲಯಕ್ಕೆ ಅದರ ಒಂದು ಜೆರಾಕ್ಸ್ ಪ್ರತಿ ಕೊಡಿ. ಎಂಬತ್ತು ದಾಟಿದ ಅಜ್ಜ ಅಜ್ಜಿಯರು ಮನೆಯಲ್ಲಿದ್ದರೆ ಈ ಮಳೆಗಾಲದೊಳಗೆ ಅವರ ಹತ್ತಿರ ಕೂತು ಗಾಡಿ ದಾರಿಯ ಕಥೆ, ಪಟ್ಟಿಘಾಟಿ ಹತ್ತಿದ ಕಥೆ, ಮೊದಲ ಬಾರಿ ಸೋಗೆ ಹಳದಿಯಾದ ವರ್ಷ ಯಾವುದೆಂದು ಕೇಳಿ ಮೊಬೈಲಿನಲ್ಲಿ ಹಿಡಿದಿಡಿ. ಅವರು ಅರೆಭಾಷೆಯಲ್ಲಿ ಹೇಳಿದರೆ ಅರೆಭಾಷೆಯಲ್ಲೇ ಇರಲಿ.